ಹಕ್ಕಿ ಕಾಯ್ದ ಮಕ್ಕಳು

ನಮ್ಮ ಕಡೆಯ ಕನ್ನಡ ಸಾಲಿಗಳ ಹಳೆಯ ಹಾಜರಿ ಪುಸ್ತಕಗಳನ್ನು ಯಾರಾದರೂ ಜೋಪಾನ ಮಾಡಿ ಇಟ್ಟಿದ್ದರೆ, ಡಿಸೆಂಬರ್ ಕೊನೆಯಿಂದ ಫೆಬ್ರುವರಿ ನಡುವಿನ ಪುಟಗಳನ್ನು ತೆಗೆದು ನೋಡಬೇಕು. ಹೆಸರುಗಳ ಮುಂದೆ ಗೈರುಹಾಜರಿಯ ಗುರುತು ಸಾಲುಸಾಲಾಗಿ ಬಿದ್ದಿರುತ್ತದೆ. ಊರಿಗೆ ಊರೇ ಜ್ವರ ಬಂದು ಮಲಗಿತ್ತೋ ಎನ್ನಬೇಕು, ಹಾಗೆ. ಹಿಂಗಾರಿ ಬಿಳಿಜೋಳದ ತೆನೆಯಲ್ಲಿ ಹಾಲು ತುಂಬುವ ಕಾಲ ಅದು. ಹುಡುಗರು, ಅವರಿಗಿಂತ ಹೆಚ್ಚಾಗಿ ಹುಡುಗಿಯರು, ಹಕ್ಕಿ ಕಾಯಲು ಹೊಲಕ್ಕೆ ಹೋಗಿರುತ್ತಿದ್ದರು. ನಾನು ರೋಣ ತಾಲೂಕಿನ ಎರಿ ಭೂಮಿಯ ಊರಿನವಳು. ಮೊದಲು ಆ ಗುರುತು ಬೀಳಿಸಿಕೊಂಡವಳು. ಮುಂದೆ ಮಾಸ್ತರಿಕೆಗೆ ಸೇರಿದ ಮೇಲೆ ಕೆಂಪು ಶಾಯಿಯಲ್ಲಿ ಅದನ್ನು ಬರೆದವಳು.

ಈಗ ಮೈಸೂರಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಇಲ್ಲಿ ಪಾರಿವಾಳಗಳಿಗೆ ಕಾಳು ಹಾಕುವ ಬಯಲುಗಳಲ್ಲಿ ಸಣ್ಣ ಮಕ್ಕಳು ಕೈ ಬೀಸಿಕೊಂಡು ಹಿಂಡಿನೊಳಗೆ ನುಗ್ಗುತ್ತವೆ. ಹಿಂಡು ಭರ್ರನೆ ಏಳುತ್ತದೆ, ಮಗು ಕೇಕೆ ಹಾಕುತ್ತದೆ, ಸುತ್ತ ನಿಂತ ದೊಡ್ಡವರಲ್ಲಿ ಎರಡು ಪಕ್ಷವಾಗುತ್ತದೆ. "ಮಕ್ಕಳಲ್ವಾ, ಆಡ್ಕೊಳ್ಳಲಿ ಬಿಡಿ" ಎನ್ನುವವರು ಒಂದು ಕಡೆ; "ಈಗಿಂದ್ಲೇ ಬುದ್ಧಿ ಹೇಳದಿದ್ರೆ ನಾಳೆ ಕಲ್ಲು ಹೊಡೀತಾವೆ" ಎನ್ನುವವರು ಇನ್ನೊಂದು ಕಡೆ. ಮೊಮ್ಮಗನೂ ಓಡುವ ವಯಸ್ಸಿನವನೇ ಆದ್ದರಿಂದ ಮಗಳು ಒಂದು ದಿನ ನನ್ನನ್ನೇ ಕೇಳಿದಳು: "ಅವ್ವಾ, ನೀ ಏನಂತಿ?"

ಹೌದು ಅಥವಾ ಅಲ್ಲ ಎಂದು ಹೇಳಿ ಮುಗಿಸಲು ನನ್ನಿಂದಾಗಲಿಲ್ಲ. ಮಕ್ಕಳಿಗೆ ಹಕ್ಕಿ ಅಟ್ಟುವುದನ್ನು ಕಲಿಸಿದವರೇ ನಾವು. ನೂರಾರು ವರ್ಷ ಅದು ಅವರ ಕೆಲಸವಾಗಿತ್ತು. ಕೂಲಿ ಇಲ್ಲದ, ತಪ್ಪಿಸಿಕೊಳ್ಳಲಾಗದ ಕೆಲಸ. ಅದಕ್ಕೂ ಕಟ್ಟುಕಟ್ಟಳೆ ಇದ್ದವು.

ಮೊದಲು ಜೋಳದ ವಿಚಾರ ಹೇಳಬೇಕು. ಭತ್ತದ ಕಾಳಿಗೆ ಹೊಟ್ಟಿನ ಕವಚವಿದೆ, ಜೋಳಕ್ಕೆ ಅದೂ ಇಲ್ಲ. ಆಳೆತ್ತರದ ದಂಟಿನ ತುದಿಯಲ್ಲಿ ಮುಷ್ಟಿಗಾತ್ರದ ತೆನೆ, ಅದರ ತುಂಬ ಬೆತ್ತಲೆ ಕಾಳು. ಹಕ್ಕಿಗೆ ಕೂರಲು ಜಾಗವೂ ಅದೇ, ಊಟವೂ ಅದೇ. ಹಾಲುಗಾಳಿನ ಹೊತ್ತಿನಲ್ಲಿ ಒಂದು ಕಾಳನ್ನು ಉಗುರಿನಿಂದ ಒತ್ತಿದರೆ ಬೆಳ್ಳಗಿನ ರಸ ಚಿಮ್ಮುತ್ತದೆ. ಗುಬ್ಬಿ ಅದನ್ನು ಹೀರಿ ಸಿಪ್ಪೆಯನ್ನಷ್ಟೇ ಬಿಡುತ್ತದೆ. ದೂರದಿಂದ ನೋಡಿದರೆ ತೆನೆ ತುಂಬಿದಂತೆಯೇ ಕಾಣುತ್ತದೆ, ಕೈಗೆ ತೆಗೆದುಕೊಂಡರೆ ಹಗುರ. ಕಾಳು ಗಟ್ಟಿಯಾಗುತ್ತ ಬಂದಂತೆ ಗಿಳಿ ಬರುತ್ತದೆ. ಗಿಳಿಯದು ತಿನ್ನುವುದಕ್ಕಿಂತ ಚೆಲ್ಲುವುದು ಹೆಚ್ಚು. ತೆನೆಯನ್ನೇ ಕತ್ತರಿಸಿ ಒಯ್ಯುತ್ತದೆ, ನಾಲ್ಕು ಕಾಳು ತಿಂದು ಬಿಸಾಡುತ್ತದೆ.

ಇವೆರಡನ್ನೂ ಸಹಿಸಬಹುದು. ನಮ್ಮನ್ನು ಅಳಿಸುತ್ತಿದ್ದದ್ದು ಮೂರನೆಯದು. ತಲೆ, ರೆಕ್ಕೆ ಕಪ್ಪು, ಮೈ ತಿಳಿಗುಲಾಬಿ, ತಲೆಯ ಮೇಲೊಂದು ಜುಟ್ಟು. ಸಾವಿರ ಸಾವಿರ ಒಟ್ಟಿಗೆ ಬಂದು ಹೊಲದ ಮೇಲೆ ನೆರಳು ಬೀಳಿಸುವ ಹಕ್ಕಿ. ನಮ್ಮಲ್ಲಿ ಅದಕ್ಕೆ 'ಜ್ವಾಳದ ಹಕ್ಕಿ' ಎಂದೇ ಹೆಸರು. ಪುಸ್ತಕದ ಹೆಸರು ಗುಲಾಬಿ ಮೈನಾ ಎಂದು ತಿಳಿದದ್ದು ನೌಕರಿಗೆ ಸೇರಿದ ಮೇಲೆ. ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ ಮರಿ ಮಾಡುತ್ತದೆ, ಮಳೆಗಾಲ ಮುಗಿಯುವ ಮುನ್ನವೇ ಇಲ್ಲಿಗೆ ಬರತೊಡಗುತ್ತದೆ, ಏಪ್ರಿಲ್ ಹೊತ್ತಿಗೆ ಹಿಂತಿರುಗುತ್ತದೆ. ಮದರಾಸು ಸೇನೆಯ ವೈದ್ಯ ಟಿ.ಸಿ. ಜೆರ್ಡನ್ 1862ರಿಂದ 1864ರವರೆಗೆ ಪ್ರಕಟಿಸಿದ ಭಾರತದ ಹಕ್ಕಿಗಳ ಗ್ರಂಥದಲ್ಲೂ ಇದರ ಜೋಳದ ಹಸಿವಿನ ಮಾತು ಬರುತ್ತದೆ; ಇಂಗ್ಲಿಷರು ಕೂಡ ಇದನ್ನು ಜೋಳದ ಹಕ್ಕಿಯೆಂದೇ ಕರೆಯುತ್ತಿದ್ದರು. ತಮಾಷೆಯೆಂದರೆ, ಚೀನಾದ ಶಿನ್‌ಜಿಯಾಂಗ್ ಸೀಮೆಯಲ್ಲಿ ಇದೇ ಹಕ್ಕಿ ಬಂದು ಮಿಡತೆ ತಿನ್ನಲಿ ಎಂದು ಸರ್ಕಾರದವರೇ ಗೂಡು ಕಟ್ಟಿಸಿಕೊಟ್ಟಿದ್ದಾರೆ. ಅಲ್ಲಿ ಬೀಗರ ಉಪಚಾರ, ಇಲ್ಲಿ ಕವಣೆ.

ಆಫ್ರಿಕದಲ್ಲಿ ಹಕ್ಕಿ ಮುಟ್ಟದ ಜೋಳವಿದೆ. ಕಂದು ಬಣ್ಣದ್ದು, ಕಾಳಿನಲ್ಲಿ ಟ್ಯಾನಿನ್ ಎಂಬ ಒಗರು ತುಂಬಿರುತ್ತದೆ, ಹಕ್ಕಿಗೆ ರುಚಿಸುವುದಿಲ್ಲ. ನಮಗೂ ರುಚಿಸುವುದಿಲ್ಲ ಎನ್ನುವುದೇ ತೊಡಕು. ನಮಗೆ ರೊಟ್ಟಿ ಬೆಳ್ಳಗಿರಬೇಕು, ಸಿಹಿಯಾಗಿರಬೇಕು, ಬಡಿದಾಗ ಹರಿಯಬಾರದು. ಮಾಲದಂಡಿಯಂಥ ಬಿಳಿಜೋಳಕ್ಕೆ ಮನಸೋತವರು ನಾವು, ಹಕ್ಕಿಗೂ ನಮ್ಮದೇ ರುಚಿ. ನಮ್ಮ ರೊಟ್ಟಿಯ ಬಿಳುಪಿಗೆ ಮಕ್ಕಳ ಸಾಲಿಯನ್ನು ತೆತ್ತಿದ್ದೇವೆ ಎಂದು ನಾನು ಹೇಳಿದರೆ ಮನೆಯಲ್ಲಿ ಎಲ್ಲರೂ ನಗುತ್ತಾರೆ. ನಗಲಿ.

ಹೊಲದ ನಡುವೆ ಮಂಚಿಕಿ ಹಾಕುತ್ತಿದ್ದರು. ನಾಲ್ಕು ಜಾಲಿಯ ಗೂಟ, ಮೇಲೆ ಅಡ್ಡಗಳ, ಅದರ ಮೇಲೆ ಕಣಕಿ ಹಾಸು. ತೆನೆಗಿಂತ ಎತ್ತರದಲ್ಲಿ ಕೂತರೆ ಇಡೀ ಹೊಲ ಕಣ್ಣಿಗೆ ಬೀಳಬೇಕು. ನೆರಳಿಗೆಂದು ಒಂದು ಕಡೆ ಹಳೆಯ ಕೌದಿ ಇಳಿಬಿಡುತ್ತಿದ್ದರು. ಹಕ್ಕಿ ಮೇಯುವುದು ಹೊತ್ತು ಮೂಡಿದಾಗಿನಿಂದ ಬಿಸಿಲೇರುವವರೆಗೆ, ಮತ್ತೆ ಇಳಿಹೊತ್ತಿನಿಂದ ಕತ್ತಲಾಗುವವರೆಗೆ. ಆದ್ದರಿಂದ ನಸುಕಿನಲ್ಲೇ ಏಳಬೇಕು. ಆ ಚಳಿ ಈಗಲೂ ನೆನಪಿದೆ. ಎರಿ ಹೊಲದ ಬಿರುಕುಗಳಿಂದ ಮೇಲೇಳುವ ತಂಪು, ಇಬ್ಬನಿಯಲ್ಲಿ ನೆಂದ ಜೋಳದ ಎಲೆ ಮೊಣಕೈಗೆ ಕೊಯ್ದಂತೆ ತಾಕುವುದು, ಒಡೆದ ತುಟಿಗೆ ಅವ್ವ ಹಚ್ಚಿದ ಬೆಣ್ಣೆ. ಬುತ್ತಿಗೆ ಕಟಿ ರೊಟ್ಟಿ, ಗುರೆಳ್ಳು ಹಿಂಡಿ, ಒಂದು ಉಳ್ಳಾಗಡ್ಡಿ.

ಕವಣೆ ಮಾಡಿಕೊಡುತ್ತಿದ್ದವರು ಅಜ್ಜ. ಪುಂಡಿಯ ದಂಟನ್ನು ಹಳ್ಳದ ನೀರಲ್ಲಿ ಕೊಳೆಹಾಕಿ, ಬಡಿದು, ನಾರು ತೆಗೆದು, ತೊಡೆಯ ಮೇಲೆ ಹೊಸೆದು ಹೆಣೆಯುತ್ತಿದ್ದರು. ನಡುವೆ ಅಂಗೈಯಗಲದ ಜಾಲರಿ, ಗುಂಡು ಕೂರುವ ಜಾಗ. ಒಂದು ಎಳೆಯ ತುದಿಗೆ ಬೆರಳಿಗೆ ಸಿಕ್ಕಿಸುವ ಕುಣಿಕೆ, ಇನ್ನೊಂದು ಎಳೆಯ ತುದಿಗೆ ಬಿಡಿನಾರಿನ ಕುಚ್ಚು. ತಲೆಯ ಮೇಲೆ ಗರಗರ ತಿರುಗಿಸಿ ಕುಚ್ಚಿನ ತುದಿಯನ್ನು ಬಿಟ್ಟರೆ ಗುಂಡು ಹಾರುತ್ತದೆ, ಅದರ ಹಿಂದೆಯೇ ಕುಚ್ಚು ಚಟ್ಟನೆ ಸಿಡಿಯುತ್ತದೆ. ಹಕ್ಕಿ ಏಳುವುದು ಹೆಚ್ಚಾಗಿ ಆ ಸಪ್ಪಳಕ್ಕೆ. ಗುಂಡಿಲ್ಲದೆ ಬರಿಗವಣೆ ಸಿಡಿಸಿದರೂ ಅರ್ಧ ಹಿಂಡು ಏಳುತ್ತಿತ್ತು.

ಎರಿ ಭೂಮಿಯಲ್ಲಿ ಕಲ್ಲು ಸಿಗುವುದಿಲ್ಲ. ಹೊರಗಿನಿಂದ ತಂದು ಎಸೆದರೆ ಮುಂದಿನ ಬಿತ್ತಿಗೆಯಲ್ಲಿ ಕೂರಿಗೆಯ ತಾಳಿಗೆ ತಗಲುತ್ತದೆ ಎಂದು ಅಪ್ಪ ಬೈಯುತ್ತಿದ್ದ. ಹಾಗಾಗಿ ನಮ್ಮ ಗುಂಡುಗಳೆಲ್ಲ ಮಣ್ಣಿನವು. ಹಳ್ಳದ ದಂಡೆಯ ಅಂಟು ಮಣ್ಣನ್ನು ಕಲಸಿ, ಲಿಂಬೆಹಣ್ಣಿನಷ್ಟು ಉಂಡೆ ಕಟ್ಟಿ, ಮಾಳಿಗೆಯ ಮೇಲೆ ಒಣಗಿಸುವುದು ದೀಪಾವಳಿ ಕಳೆದ ಮೇಲಿನ ಮಕ್ಕಳ ಕೆಲಸ. ಬಿದ್ದಲ್ಲಿ ಒಡೆದು ಮಣ್ಣಿಗೆ ಮಣ್ಣಾಗುತ್ತಿತ್ತು. ಕೈಗೆ ಬುದ್ಧಿ ಬಂದ ಮೇಲೆ ಗುಂಡನ್ನು ಹಿಂಡಿನ ಆಚೆ ಬೀಳಿಸಬೇಕೆಂದು ಗೊತ್ತಾಗುತ್ತದೆ. ಈಚೆ ಬಿದ್ದರೆ ಹಕ್ಕಿ ಇನ್ನಷ್ಟು ಒಳಗೆ ಹೋಗುತ್ತದೆ, ಆಚೆ ಬಿದ್ದರೆ ನಮ್ಮ ಕಡೆ ಎದ್ದು ಹೊಲದ ಹೊರಗೆ ಹೋಗುತ್ತದೆ. ಹೊರಗೆ ಎಂದರೆ ಪಕ್ಕದವರ ಹೊಲಕ್ಕೆ! ಅಲ್ಲಿಯ ಮಂಚಿಕಿಯ ಮೇಲೆ ನನ್ನದೇ ವಾರಗೆಯ ಇನ್ನೊಬ್ಬ ಹುಡುಗಿ. ಅವಳು ನಮ್ಮ ಕಡೆ ಅಟ್ಟುತ್ತಿದ್ದಳು. ಹೊತ್ತೇರುವ ತನಕ ಒಂದೇ ಹಿಂಡನ್ನು ಆ ಹೊಲಕ್ಕೆ, ಈ ಹೊಲಕ್ಕೆ ಎಸೆದಾಡಿ ಗಂಟಲು ಹರಿದುಕೊಂಡದ್ದೂ ಉಂಟು. ಸೀಮೆಯ ತುಂಬ ಜೋಳವಿದ್ದಾಗ ನಷ್ಟ ಎಲ್ಲರಿಗೂ ಹಂಚಿಹೋಗುತ್ತಿತ್ತು ಎಂಬುದನ್ನು ಇಲ್ಲೇ ಹೇಳಿಡುತ್ತೇನೆ, ಮುಂದೆ ಬೇಕಾಗುತ್ತದೆ.

ಕಟ್ಟಳೆಗಳನ್ನು ಹೇಳುತ್ತಿದ್ದವಳು ಆಯಿ, ನಮ್ಮ ಅಜ್ಜಿ. ಒಂದು ಮುಂಜಾನೆ ನಾನು ಹಳ್ಳದ ದಂಡೆಯಲ್ಲಿ ನೀರು ಕುಡಿಯುತ್ತಿದ್ದ ಬೆಳವಗಳ ಕಡೆ ಕವಣೆ ತಿರುಗಿಸಿದ್ದನ್ನು ನೋಡಿ ಅಲ್ಲಿಂದಲೇ ಕೂಗಿದಳು: "ಹೊಲದಾಗ ಕಾಯಂದ್ರ ಹಳ್ಳದಾಗ ಯಾಕ ಹೊಡಿತಿ? ನೀರಿಗೆ ಬಂದದ್ದನ್ನ ಎಬ್ಬಸಬಾರ್ದವಾ." ಗೂಡಿನ ಹತ್ತಿರ ಗುಂಡು ಬೀಸಬಾರದು. ಕೊಲ್ಲುವ ಹಾಗೆ ಗುರಿ ಇಡಬಾರದು. ಎಳ್ಳ ಅಮಾಸಿಯ ದಿನ ಅಟ್ಟಲೇಬಾರದು. ಅಂದು ಹೊಲಕ್ಕೆ ಚರಗ ಚೆಲ್ಲುವ ದಿನ, ಕಡಬು, ಪುಂಡಿಪಲ್ಯ, ಭರ್ತ, ಎಣ್ಣೆಗಾಯಿ ಎಲ್ಲ ಕಲಸಿ ನಾಲ್ಕು ದಿಕ್ಕಿಗೆ ಎರಚಿದ ಮೇಲೆ ಭೂತಾಯಿಗೆ ಎಷ್ಟು ಪಾಲೋ ಹಕ್ಕಿಗೂ ಅಷ್ಟು. ರಾಶಿಯಾದ ಮೇಲೆ ಕಣದಲ್ಲಿ ಉದುರಿದ ಕಾಳನ್ನು ಕಡೆಯ ಕಾಳಿನವರೆಗೆ ಗುಡಿಸಬಾರದು. ಒಂದು ಕಟ್ಟು ತೆನೆ ಪಡಸಾಲೆಯ ಜಂತಿಗೆ ತೂಗಬೇಕು, ಗುಬ್ಬಿಗೆ. ಅಲ್ಲಿ ಕೂತ ಗುಬ್ಬಿಯನ್ನು ನಾವು ಹುಶ್ ಎಂದರೂ ಏಟು ಬೀಳುತ್ತಿತ್ತು. ಹೊಲದಲ್ಲಿ ಹಕ್ಕಿಯನ್ನು ಅಟ್ಟಲಿಲ್ಲವೆಂದು ಏಟು, ಮನೆಯಲ್ಲಿ ಅಟ್ಟಿದೆವೆಂದು ಏಟು. ಅದೇ ಗುಬ್ಬಿ, ಅದೇ ಜೋಳ. ಆದರೂ ಗೊಂದಲವಾಗಲಿಲ್ಲ. ಎಲ್ಲಿ ನಾವಾಗಿ ಕರೆದು ಕೊಟ್ಟಿದ್ದೇವೋ ಅಲ್ಲಿಂದ ಎಬ್ಬಿಸುವುದು ಉಣ್ಣಲು ಕೂತವರನ್ನು ಎಬ್ಬಿಸಿದಂತೆ. ಆರು ವರ್ಷದ ಮಗುವಿಗೂ ಇದು ತಿಳಿಯುತ್ತದೆ.

ಕವಿಗಳಿಗೆ ಈ ಮಂಚಿಕಿ ಬಹಳ ಹಿಂದೆಯೇ ಕಂಡಿದೆ. ಕಾಳಿದಾಸನ ರಘುವಂಶದಲ್ಲಿ ಭತ್ತ ಕಾಯುವ ಹೆಂಗಸರು ಕಬ್ಬಿನ ನೆರಳಲ್ಲಿ ಕೂತು ರಘುವಿನ ಕೀರ್ತಿ ಹಾಡುತ್ತಾರೆ. ದಖ್ಖನಿನಲ್ಲೇ ಹುಟ್ಟಿದ ಹಾಲನ ಗಾಥಾಸಪ್ತಶತಿಯಲ್ಲಿ ಹೊಲ ಕಾಯುವ ಹೆಣ್ಣಿಗೆ ಪ್ರಣಯದ ಪ್ರಸಂಗಗಳೇ ಪ್ರಸಂಗಗಳು. ತಮಿಳಿನ ಸಂಗಂ ಕಾವ್ಯದ ಕುರಿಂಜಿ ನೆಲದಲ್ಲಿ ನವಣೆ ಹೊಲದಿಂದ ಗಿಳಿ ಅಟ್ಟುವ ಹುಡುಗಿ ಇದ್ದೇ ಇರುತ್ತಾಳೆ, ಮುರುಗನು ಮೆಚ್ಚಿದ ವಳ್ಳಿಯೂ ಅಟ್ಟಣೆಯ ಮೇಲೆ ಕೂತವಳೇ. ಹಳಗನ್ನಡದ ನಾಡವರ್ಣನೆಗಳಲ್ಲಿ ಗದ್ದೆಗೆರಗುವ ಗಿಳಿಹಿಂಡು, ಅದನ್ನು ಅಟ್ಟುವ ಪಾಮರಿ ಬಿಟ್ಟುಹೋಗುವುದು ಅಪರೂಪ. ಎಲ್ಲರಿಗೂ ಕಂಡದ್ದು ಹರೆಯದ ಚೆಲುವೆ. ಮೂಗು ಸೋರುವ ಎಂಟು ವರ್ಷದವಳು, ನಿದ್ದೆಗಣ್ಣಿನಲ್ಲಿ ಡಬ್ಬಿ ಬಡಿಯುವವಳು, ಹೊಟ್ಟೆಹಸಿವಿಗೆ ಸೀತನಿ ಮುಕ್ಕಿ ಹೊಟ್ಟೆನೋವು ತರಿಸಿಕೊಂಡವಳು ಒಬ್ಬ ಕವಿಯ ಕಣ್ಣಿಗೂ ಬಿದ್ದಂತಿಲ್ಲ. ಪಾಠ ಮಾಡುವಾಗ ಈ ಭಾಗ ಬಂದರೆ ನಾನು ಸ್ವಲ್ಪ ಬೇಗನೆ ದಾಟಿಬಿಡುತ್ತಿದ್ದೆ.

ಸಾಲಿಯ ಲೆಕ್ಕ ಇಲ್ಲಿ ಸೇರುತ್ತದೆ. ಗೋಪಾಲಕೃಷ್ಣ ಗೋಖಲೆಯವರು ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಬೇಕೆಂದು 1911ರಲ್ಲಿ ಮಸೂದೆ ತಂದರು, ಮರುವರ್ಷ ಅದು ಬಿದ್ದುಹೋಯಿತು. ಮೈಸೂರು ಸಂಸ್ಥಾನ 1913ರಲ್ಲೇ ಕಾನೂನು ಮಾಡಿತು. ನಮ್ಮ ಧಾರವಾಡ ಸೀಮೆ ಮುಂಬೈ ಪ್ರಾಂತದಲ್ಲಿತ್ತು. ಅಲ್ಲಿ 1918ರ ಕಾಯ್ದೆ ಪುರಸಭೆಗಳ ಊರುಗಳಿಗಷ್ಟೇ, 1923ರ ಕಾಯ್ದೆ ಹಳ್ಳಿಗಳ ಕಡೆಗೂ ಕೈಚಾಚಿತು. ಏಕೀಕರಣವಾದ ಮೇಲೆ 1961ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಕಡ್ಡಾಯ ಶಿಕ್ಷಣ ಕಾಯ್ದೆ ಬಂತು. ನಾನು ಸಾಲಿಗೆ ಹೋದದ್ದು ಆ ಕಾಯ್ದೆ ಹೊಸದಾಗಿದ್ದ ಕಾಲದಲ್ಲಿ. ಕಾಯ್ದೆ ಬೆಂಗಳೂರಿನಲ್ಲಿತ್ತು, ಹಕ್ಕಿ ಹೊಲದಲ್ಲಿತ್ತು. ಅಣ್ಣನಿಗೆ ಅಪ್ಪ ಸಾಲಿ ತಪ್ಪಿಸುತ್ತಿರಲಿಲ್ಲ, ಅವನು ಓದಿ ನೌಕರಿ ಹಿಡಿಯಬೇಕಲ್ಲ. ನಾನೂ ತಂಗಿಯೂ ಸರದಿಯ ಮೇಲೆ ಮಂಚಿಕಿ ಏರುತ್ತಿದ್ದೆವು. ಬೆಳಿಗ್ಗೆ ನನ್ನ ಪಾಳಿ ಮುಗಿಸಿ, ಹತ್ತರ ಹೊತ್ತಿಗೆ ಕಾಲಿನ ಮಣ್ಣು ತೊಳೆಯದೆ ಸಾಲಿಗೆ ಓಡುವುದು. ತಂಗಿಯದು ಇಳಿಹೊತ್ತಿನ ಪಾಳಿ, ಮೂರೂವರೆಗೆಲ್ಲ ಸಾಲಿಯಿಂದ ಏಳಬೇಕು. ನಮ್ಮ ಮಾಸ್ತರರು ಮಧ್ಯಾಹ್ನದ ಮೇಲೆ ಗಣಿತ ಹೇಳಿಕೊಡುತ್ತಿದ್ದರು. ನಾನು ನೌಕರಿ ಮಾಡಿದೆ, ತಂಗಿ ನಾಲ್ಕನೆಯ ಇಯತ್ತೆಗೇ ಸಾಲಿ ಬಿಟ್ಟಳು. ಇದಕ್ಕೆ ಬೇರೆ ಕಾರಣಗಳೂ ಇದ್ದವೆಂದು ಅಣ್ಣ ಹೇಳುತ್ತಾನೆ. ಇರಬಹುದು. ನನಗೆ ಎದ್ದು ಕಾಣುವುದು ಆ ಪಾಳಿ.

ಇದು ನಮ್ಮೊಬ್ಬರ ಕತೆಯೂ ಅಲ್ಲ. ಇಂಗ್ಲೆಂಡಿನ ಬಡ ಮಕ್ಕಳ ಮೊದಲ ನೌಕರಿಯೇ ಹಕ್ಕಿ ಅಟ್ಟುವುದಾಗಿತ್ತು. ಬರಹಗಾರ ವಿಲಿಯಂ ಕಾಬೆಟ್ ತಾನು ಮೊದಲು ಮಾಡಿದ ಕೆಲಸ ಅದೇ ಎಂದು ಬರೆದುಕೊಂಡಿದ್ದಾನೆ. 1826ರಲ್ಲಿ ಹುಟ್ಟಿದ ಜೋಸೆಫ್ ಆರ್ಚ್ ಒಂಬತ್ತನೆಯ ವಯಸ್ಸಿಗೆ ದಿನಕ್ಕೆ ನಾಲ್ಕು ಪೆನ್ನಿಗೆ ಕಾಗೆ ಅಟ್ಟಲು ನಿಂತವನು. ಮುಂದೆ 1872ರಲ್ಲಿ ಹೊಲಗೆಲಸದವರ ಸಂಘ ಕಟ್ಟಿ, ಪಾರ್ಲಿಮೆಂಟಿಗೂ ಹೋದ. ಎಂಟು ವರ್ಷದೊಳಗಿನ ಮಕ್ಕಳನ್ನು ಹೊಲಗೆಲಸಕ್ಕೆ ಇಟ್ಟುಕೊಳ್ಳಬಾರದೆಂದು ಅಲ್ಲಿ 1873ರಲ್ಲಿ ಕಾನೂನಾಯಿತು. ಅವರಿಗೆ ನಾಲ್ಕು ಪೆನ್ನಿಯಾದರೂ ಸಿಗುತ್ತಿತ್ತು ಎಂದು ಓದಿದಾಗ ನನಗೆ ಹೊಟ್ಟೆಕಿಚ್ಚಾಯಿತು. ನಮ್ಮದು ಮನೆಯ ಹೊಲ, ಮನೆಯ ಮಗು, ಕೂಲಿಯ ಮಾತೆಲ್ಲಿ? ಇಂದಿಗೂ ನಮ್ಮ ಬಾಲಕಾರ್ಮಿಕ ಕಾಯ್ದೆ 2016ರ ತಿದ್ದುಪಡಿಯ ನಂತರ ಕೂಡ, ಸಾಲಿಯ ಹೊತ್ತು ಬಿಟ್ಟು ಮನೆಯವರ ಕೆಲಸದಲ್ಲಿ ಕೈಜೋಡಿಸುವ ಮಗುವನ್ನು ತಡೆಯುವುದಿಲ್ಲ.

ಹಾಗಿದ್ದರೂ ಮಂಚಿಕಿ ಹೋಯಿತು. ಅದನ್ನು ಇಳಿಸಿದ್ದು ಕಾನೂನಲ್ಲ. ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಿದ ಮೇಲೆ ಕಾಲುವೆ ಹರಿದ ಕಡೆ ಗೋವಿನಜೋಳ, ಹತ್ತಿ ಬಂದವು. ನೀರಿಲ್ಲದ ಕಡೆ ಸೂರ್ಯಕಾಂತಿ ಬಂತು, ಕಡಲೆ ಹೆಚ್ಚಿತು. ಸೂರ್ಯಕಾಂತಿಗೂ ಗಿಳಿಯ ಕಾಟವಿತ್ತು, ಆದರೆ ರೊಕ್ಕ ಬೇಗ ಕೈಗೆ ಬರುತ್ತಿತ್ತು. ಪಡಿತರದ ಅಕ್ಕಿ ಮನೆಮನೆಗೆ ಬಂದಾಗ ರೊಟ್ಟಿ ತಟ್ಟುವ ಕೈಗಳೂ ಕಡಿಮೆಯಾದವು. ಅತ್ತ ಮಕ್ಕಳು ಸಾಲಿಯಲ್ಲಿ ನಿಲ್ಲತೊಡಗಿದರು. ಬಿಸಿಯೂಟ 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಶುರುವಾಗಿ ಮರುವರ್ಷ ನಮ್ಮ ಕಡೆಗೂ ಬಂತು. ನನ್ನ ಹಾಜರಿ ಪುಸ್ತಕದ ಜನವರಿ ಪುಟ ಅದರಿಂದ ಎಷ್ಟು ತುಂಬಿತೆಂದು ನನಗೆ ಗೊತ್ತು. ಯಾವ ಇನ್‌ಸ್ಪೆಕ್ಟರ ಸುತ್ತೋಲೆಯಿಂದಲೂ ಆಗದ್ದು ಒಂದು ಸೌಟು ಸಾರಿನಿಂದ ಆಯಿತು.

ಮಕ್ಕಳ ಜಾಗಕ್ಕೆ ಏನೇನೋ ಬಂದವು. ಕೆಟ್ಟುಹೋದ ಕ್ಯಾಸೆಟ್ಟಿನ ಟೇಪನ್ನು ಗೂಟದಿಂದ ಗೂಟಕ್ಕೆ ಎಳೆದು ಕಟ್ಟುವುದು ನಾನು ನೋಡಿದ ಉಪಾಯಗಳಲ್ಲೆಲ್ಲ ಚೆಲುವಾದದ್ದು. ಗಾಳಿಗೆ ಅದು ಗುಂಯ್‌ಗುಡುತ್ತಿತ್ತು, ಬಿಸಿಲಿಗೆ ಮಿಂಚುತ್ತಿತ್ತು. ಯಾವುದೋ ಸಿನಿಮಾದ ಹಾಡು, ಯಾವುದೋ ಬಯಲಾಟದ ಮಾತು ಹೊಲದ ತುಂಬ ಸುಮ್ಮನೆ ನಡುಗುತ್ತಿತ್ತು. ಆಮೇಲೆ ಬೆಳ್ಳಿಬಣ್ಣದ ಪಟ್ಟಿಗಳು ಅಂಗಡಿಗೇ ಬಂದವು. ಬಲೆ ಬಂತು, ಪಟಾಕಿ ಬಂತು.

ಆದರೆ ಹಿಂದೆ ಹೇಳಿಟ್ಟ ಮಾತು ಈಗ ಮೇಲೆ ಬಂತು. ಊರಿನ ಎಲ್ಲ ಹೊಲದಲ್ಲಿ ಜೋಳವಿದ್ದಾಗ ಒಂದು ಹೊಲಕ್ಕೆ ಬೀಳುವ ಹಕ್ಕಿ ಇಷ್ಟೇ. ಹತ್ತಿ, ಕಡಲೆಯ ನಡುವೆ ಒಬ್ಬರ ಎರಡೆಕರೆ ಜೋಳ ಉಳಿದರೆ ಸುತ್ತಿನ ಹಕ್ಕಿಯೆಲ್ಲ ಅಲ್ಲಿಗೇ. ಆ ಒಬ್ಬರೂ ಮರುವರ್ಷ ಬಿತ್ತುವುದಿಲ್ಲ. ಜೋಳ ಕಡಿಮೆಯಾಗಲು ಜನ ಹೇಳುವ ಕಾರಣ ಬೆಲೆ, ಕೂಲಿ, ಮಳೆ. ಅವೆಲ್ಲ ನಿಜ. ನಾನು ಇದನ್ನೂ ಸೇರಿಸುತ್ತೇನೆ.

ಇನ್ನು ಮೈಸೂರಿನ ಪಾರಿವಾಳ. ಜನ ಪಾರಿವಾಳಕ್ಕೆ ಸುರಿಯುವ ಕಾಳಿನಲ್ಲಿ ಜೋಳವಿರುತ್ತದೆ. ಮೊದಲ ಸಲ ಅದನ್ನು ನೋಡಿ ನಾನು ಬಗ್ಗಿ ನಾಲ್ಕು ಕಾಳು ಎತ್ತಿಕೊಂಡು ಹಲ್ಲಿಗೆ ಹಾಕಿದೆ, ಮಗಳಿಗೆ ನಾಚಿಕೆಯಾಯಿತು. ಒಂದು ಕಾಲಕ್ಕೆ ಹಕ್ಕಿಯ ಬಾಯಿಂದ ಉಳಿಸಲು ನಾವು ಗಂಟಲು ಹರಿದುಕೊಂಡ ಕಾಳನ್ನು ಇಲ್ಲಿ ರೊಕ್ಕ ಕೊಟ್ಟು ಹಕ್ಕಿಗೆ ಚೆಲ್ಲುತ್ತಾರೆ, ಚೆಲ್ಲಿದ ಮೇಲೆ ಮಕ್ಕಳನ್ನು ಅದರೊಳಗೆ ಬಿಟ್ಟು ಎಬ್ಬಿಸುತ್ತಾರೆ. ಹೊಲವೂ ಪಡಸಾಲೆಯೂ ಒಂದೇ ಕಡೆ ಕಲಸಿಹೋದದ್ದರಿಂದ ಇಲ್ಲಿ ಯಾರಿಗೂ ಕಟ್ಟಳೆ ಸಿಗುತ್ತಿಲ್ಲ. ದಾನವೆಂದರೆ ದಾನ, ರೋಗವೆಂದರೆ ರೋಗ. ಹಿಕ್ಕೆಯಿಂದ ಶ್ವಾಸಕೋಶಕ್ಕೆ ಕೆಡುಕೆಂದು ವೈದ್ಯರು ಹೇಳುತ್ತಾರೆ, 2025ರಲ್ಲಿ ಮುಂಬೈಯ ದಾದರಿನ ಹೆಸರಾಂತ ಕಬೂತರಖಾನೆಗೆ ಪಾಲಿಕೆಯವರು ತಾಡಪತ್ರಿ ಹೊದಿಸಿದಾಗ ದೊಡ್ಡ ಗದ್ದಲವೇ ಆಯಿತು. ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ 2003ರಲ್ಲಿ ಪಾರಿವಾಳಕ್ಕೆ ಕಾಳು ಹಾಕುವುದನ್ನು ನಿಷೇಧಿಸಿದರು. ಅವನ್ನು ಅಟ್ಟಲು ಡೇಗೆ ಸಾಕುವವರನ್ನು ಕರೆಸಿ ಸಂಬಳ ಕೊಟ್ಟರು. ನಮ್ಮ ವಿಮಾನ ನಿಲ್ದಾಣಗಳಲ್ಲೂ ಪಟಾಕಿ ಹಿಡಿದು ಹಕ್ಕಿ ಅಟ್ಟುವ ನೌಕರರಿದ್ದಾರೆ. ನಾವು ಪುಕ್ಕಟೆ ಮಾಡಿದ ಕೆಲಸಕ್ಕೆ ಈಗ ಸಂಬಳವಿದೆ ಎಂದು ತಂಗಿಗೆ ಹೇಳಿದೆ. "ಅರ್ಜಿ ಹಾಕೋಣೇನ?" ಎಂದಳು.

ಮಗಳಿಗೆ ನಾನು ಕೊಟ್ಟ ಉತ್ತರ ಆಯಿಯ ಕಟ್ಟಳೆಯೇ. ಕಾಳು ಹಾಕಿದ ಜಾಗದಲ್ಲಿ ಬೇಡ. ನೀರಿನ ಹತ್ತಿರ ಬೇಡ, ಗೂಡಿನ ಹತ್ತಿರ ಬೇಡ. ಖಾಲಿ ಮೈದಾನದಲ್ಲಿ ನಾಲ್ಕು ಪಾರಿವಾಳ ಅಡ್ಡಾಡುತ್ತಿದ್ದರೆ, ಎರಡು ವರ್ಷದ ಮಗು ಅವುಗಳ ಹಿಂದೆ ಓಡಿದರೆ, ನಾನು ತಡೆಯುವವಳಲ್ಲ. ಆ ಮಗು ಹಿಡಿಯುವುದಿಲ್ಲ, ಹಿಡಿಯಲು ಬರುವುದಿಲ್ಲ, ಹಕ್ಕಿಗೂ ಅದು ಗೊತ್ತು. ಮಾರುದೂರ ಹಾರಿ ಮತ್ತೆ ಕೂರುತ್ತದೆ. ನನಗೆ ಸಿಟ್ಟು ಬರುವುದು ಮಗುವಿನ ಮೇಲಲ್ಲ. ಮಗು ಒಮ್ಮೆ ಓಡಿ ಸಾಕಾಗಿ ಬಂದು ನಿಂತರೆ, ಮೊಬೈಲ್ ಹಿಡಿದ ಅಪ್ಪ "ಇನ್ನೊಂದ್ಸಲ ಓಡು ಪುಟ್ಟಾ, ಸರಿಯಾಗಿ ಬರ್ಲಿಲ್ಲ" ಎಂದು ಮತ್ತೆ ಹಿಂಡಿನೊಳಗೆ ನೂಕುತ್ತಾನೆ. ದೊಡ್ಡವರ ಕೆಲಸಕ್ಕೆ ಹಕ್ಕಿ ಅಟ್ಟುವ ಮಕ್ಕಳು ಇನ್ನೂ ಹೋಗಿಲ್ಲ.

ಎಲ್ಲ ಹಕ್ಕಿಯೂ ಪಾರಿವಾಳದಂತಲ್ಲ ಎಂಬುದಕ್ಕೆ ನಮ್ಮ ಗದಗ ಜಿಲ್ಲೆಯಲ್ಲೇ ಮಾಗಡಿ ಕೆರೆ ಇದೆ, ಶಿರಹಟ್ಟಿಯ ಕಡೆ. ನವೆಂಬರಿನಿಂದ ಮಾರ್ಚಿನವರೆಗೆ ಅಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಇರುತ್ತವೆ. ಮಂಗೋಲಿಯಾ, ಟಿಬೆಟ್ಟಿನ ಕಡೆಯಿಂದ ಹಿಮಾಲಯ ದಾಟಿ ಬಂದವು. ಇರುಳು, ನಸುಕಿನಲ್ಲಿ ಸುತ್ತಲಿನ ಹೊಲಗಳಲ್ಲಿ ಮೇಯ್ದು, ಹಗಲು ಕೆರೆಯಲ್ಲಿ ಗುಂಪಾಗಿ ತೂಕಡಿಸುತ್ತವೆ. ದಂಡೆಯಿಂದ ಒಂದು ಕಲ್ಲು ಬಿದ್ದರೂ ಎಲ್ಲವೂ ಏಳುತ್ತವೆ, ಸುತ್ತು ಹಾಕುತ್ತವೆ, ತಿಂದದ್ದೆಲ್ಲ ಹಾರಾಟಕ್ಕೇ ಖರ್ಚು. 2024ರಲ್ಲಿ ಈ ಕೆರೆ ಜಗತ್ತಿನ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಒಂದು ಸಲ ಮಕ್ಕಳನ್ನು ಅಲ್ಲಿಗೆ ಪ್ರವಾಸ ಕರೆದೊಯ್ದಿದ್ದೆ. ಸುತ್ತಿನ ರೈತರಿಗೆ ಈ ಹಕ್ಕಿಗಳಿಂದ ಶೇಂಗಾ, ಕಡಲೆಯ ಹಾನಿ ಇದ್ದೇ ಇದೆ. ದಂಡೆಯಲ್ಲಿ ಕೂತಿದ್ದ ಒಬ್ಬ ಮುದುಕರನ್ನು ನನ್ನ ವಿದ್ಯಾರ್ಥಿಯೊಬ್ಬ ಕೇಳಿದ: "ಅಜ್ಜಾ, ಇವನ್ನ ಓಡಸೂದಿಲ್ಲೇನ?" ಅವರು ಹೇಳಿದರು: "ಹೊಲಕ್ಕ ಬಂದ್ರ ಓಡಸ್ತೀವಿ. ಕೆರ್ಯಾಗ ಇದ್ರ ನಮಗೇನ?"

ಮದ್ದೂರಿನ ಹತ್ತಿರದ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಕೊಕ್ಕರೆಗಳು ಮನೆಗಳ ನಡುವಿನ ಹುಣಸೆಮರದಲ್ಲೇ ಗೂಡು ಕಟ್ಟುತ್ತವೆ. ಅಲ್ಲಿ ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ತಂದು ಸಾಕುವುದರಲ್ಲಿ ಊರಿನ ಹುಡುಗರ ಕೈಯಿದೆ. ಹುಡುಗರ ಕೈಗೆ ಹಕ್ಕಿಯ ಕೆಲಸ ಕೊಡುವುದೇ ಆದರೆ ಇಂಥದ್ದೂ ಉಂಟು.

ಊರಲ್ಲಿ ಈಗ ಅಣ್ಣನ ಮಗ ಹೊಲ ನೋಡಿಕೊಳ್ಳುತ್ತಾನೆ. ಹೋದ ಹಿಂಗಾರಿಯಲ್ಲಿ ಮನೆಮಟ್ಟಿಗೆಂದು ಎರಡೆಕರೆ ಬಿಳಿಜೋಳ ಹಾಕಿ, ಬ್ಯಾಟರಿಯ ಸ್ಪೀಕರ್ ತಂದು ಗೂಟಕ್ಕೆ ಕಟ್ಟಿದ್ದ. ಅದರಲ್ಲಿ ತನ್ನ ಹೆಂಡತಿಯ ಕೂಗನ್ನೇ ಮುದ್ರಿಸಿ ಹಾಕಿದ್ದ, ಹತ್ತು ನಿಮಿಷಕ್ಕೊಮ್ಮೆ "ಹೋ... ಹೋ... ಹಾ" ಎಂದು ಕೂಗುತ್ತಿತ್ತು. ಮೊದಲೆರಡು ದಿನ ಗುಬ್ಬಿ, ಗಿಳಿ, ಜ್ವಾಳದ ಹಕ್ಕಿ ಎಲ್ಲವೂ ಎದ್ದವು. ಆಮೇಲೆ ಒಂದು ಗಿಳಿ ಸ್ಪೀಕರಿನ ಮೇಲೆಯೇ ಕೂತು ತೆನೆ ಸುಲಿಯುತ್ತಿರುವ ಫೋಟೋ ಕಳಿಸಿದ. ಈ ಸಲ ಎರಡೆಕರೆಗೂ ಕಡಲೆ ಬಿತ್ತಿದ್ದಾನೆ. ರೊಟ್ಟಿಗೆ ಜೋಳ ಗದಗಿನ ಪ್ಯಾಟಿಯಿಂದ ತರುತ್ತಾನೆ. ಕಾಳು ಸಣ್ಣವು, ಹಿಟ್ಟಿಗೆ ಜಿಗಿ ಸಾಲದು ಎಂದು ಸೊಸೆ ಫೋನಿನಲ್ಲಿ ಬೈಯುತ್ತಾಳೆ.